ಮಳೆ ಹಿಡಿದ ಮೇಲೆ ಕ್ಲಚ್ ಬಿಗಿ: ಕೇಬಲ್‌ಗೆ ಮನೆಯಲ್ಲೇ ಎಣ್ಣೆ ಬಿಡುವುದು ಹೇಗೆ?

ತುಂಗಾತೀರ:
ಬೈಕ್ ಸ್ಪ್ಲೆಂಡರ್, ದಿನಾ ತೀರ್ಥಹಳ್ಳಿ–ಆಗುಂಬೆ ಓಡಾಟ. ಮಳೆ ಶುರುವಾದ ಮೇಲೆ ಕ್ಲಚ್ ಬಿಗಿ. ಕೈ ಬಿಟ್ಟರೂ ಲೀವರ್ ನಿಧಾನಕ್ಕೆ ವಾಪಸ್ ಬರ್ತದೆ. ಹೊರಗಿಂದ ನೋಡಿದರೆ ಕೇಬಲ್ ಚೆನ್ನಾಗೇ ಇದೆ. ಒಳಗೆ ಗ್ರೀಸ್ ತುಂಬಬೇಕಾ, ಎಣ್ಣೆ ಬಿಡಬೇಕಾ?

ಹತ್ತನೇ ನಂಬರ್ ಸ್ಪ್ಯಾನರ್:
ಮೊದಲು ತೊಂದರೆ ಕೇಬಲ್‌ನದ್ದೇ ಹೌದಾ ನೋಡಿ ಮಾರಾಯ್ರೆ. ಎಂಜಿನ್ ಬಳಿಯ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರ್ ತಿರುಗಿಸಿ ತಂತಿ ಪೂರ್ತಿ ಸಡಿಲ ಮಾಡಿ, ಎರಡೂ ತುದಿ ಬಿಚ್ಚಿ. ಲೀವರ್ ಹತ್ತಿರವೂ ಅಡ್ಜಸ್ಟರ್ ಇದ್ದರೆ ಅದರ ಸೀಳು, ನಟ್ಟಿನ ಸೀಳು, ಹೋಲ್ಡರಿನ ಸೀಳು ಮೂರೂ ಒಂದೇ ಗೆರೆಗೆ ಬಂದರೆ ಮಾತ್ರ ತಂತಿ ಹೊರಗೆ ಬರೋದು. ಜಗ್ಗಾಡಬೇಡಿ, ಎಳೆ ಮುರಿಯುತ್ತದೆ.

ಈಗ ಒಳತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ. ಬೆರಳಿಗೆ ಗರಗರ ಅನಿಸಿದರೆ ಕೇಬಲ್ ಒಳಗೆ ತುಕ್ಕು. ಸಲೀಸಾಗಿ ಜಾರಿದರೆ ಲೀವರ್ ಬೋಲ್ಟ್ ಇಲ್ಲವೇ ಎಂಜಿನ್ ಮೇಲಿನ ಕ್ಲಚ್ ಆರ್ಮ್ (ಕೇಬಲ್ ಎಳೆಯುವ ತೋಳು) ಒಣಗಿದೆ.

ಗ್ರೀಸ್ ಒಳಗೆ ಬೇಡ. ಆ ಸಣ್ಣ ಸಂದಿಯಲ್ಲಿ ಅದು ಇಳಿಯೋದೇ ಇಲ್ಲ, ಬಾಯಲ್ಲೇ ಕೂತು ಕೆಮ್ಮಣ್ಣು ಹಿಡಿದು ಮೇಣ ಆಗುತ್ತದೆ. ಸಣ್ಣ ಪ್ಲಾಸ್ಟಿಕ್ ಕವರಿನ ಮೂಲೆ ಚೂರು ಕತ್ತರಿಸಿ, ಕೇಬಲ್‌ನ ಮೇಲ್ತುದಿ ಅದರಲ್ಲಿ ತೂರಿಸಿ, ಸುತ್ತ ಇನ್ಸುಲೇಶನ್ ಟೇಪ್ ಬಿಗಿಯಾಗಿ ಸುತ್ತಿ ನೆಟ್ಟಗೆ ನೇತುಹಾಕಿ. ಮೆಡಿಕಲ್ ಶಾಪಿನ 5 ಎಂಎಲ್ ಸಿರಿಂಜ್‌ನಲ್ಲಿ ಎಂಜಿನ್ ಆಯಿಲ್ ಬಿಡಿ. ನಡುನಡುವೆ ತಂತಿ ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಎಣ್ಣೆ ಅಲ್ಲೇ ನಿಲ್ಲುತ್ತದೆ. ಕೆಳಗಿನ ಡಬ್ಬಿಗೆ ಮೊದಲು ಡಿಕಾಕ್ಷನ್ ಬಣ್ಣದ್ದು ತೊಟ್ಟಿಕ್ಕುತ್ತದೆ: ತುಕ್ಕು ಮತ್ತು ಮಳೆನೀರು. ಬಣ್ಣ ತಿಳಿಯಾಗುವವರೆಗೆ ಬಿಡಿ. ಸಾಮಾನ್ಯವಾಗಿ 10 ಎಂಎಲ್ ಸಾಕು. ಒಂದು ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಜೋಡಿಸಿ.

ಕೆಮ್ಮಣ್ಣು ದಾರಿ:
ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಬಿಡುವವರು ಬಹಳ. ಅದು ನೀರು, ಕೊಳೆ ತೆಗೆಯಲು ಒಳ್ಳೆಯದೇ, ಆದರೆ ಬೇಗ ಆರುತ್ತದೆ, ಆಮೇಲೆ ಎಣ್ಣೆ ಬಿಡಲೇಬೇಕು. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಎಣ್ಣೆ ಅದು, ನಮ್ಮ ಕಡೆ ಧನುರ್ಮಾಸದ ಬೆಳಗ್ಗೆ ಕ್ಲಚ್ ಕಲ್ಲಾಗುತ್ತದೆ. ಒಳಗೆ ಟೆಫ್ಲಾನ್ ಪದರ ಇರುವ ಕೇಬಲ್ ಆದರೆ ಎಣ್ಣೆ ಬಿಡುವ ಮೊದಲು ಬೈಕಿನ ಪುಸ್ತಕದಲ್ಲಿ ಏನು ಹೇಳಿದ್ದಾರೆ ನೋಡಿಕೊಳ್ಳಿ.

ತುಂಗಾತೀರ:
ಬಿಚ್ಚಿದೆ, ಗರಗರ ಇದೆ. ತಂತಿಯ ಮೇಲ್ತುದಿಯಲ್ಲಿ ಲೀವರಿಗೆ ಸಿಕ್ಕಿಸುವ ಗುಂಡಿನ ಬುಡದಲ್ಲಿ ಎರಡು ಎಳೆ ಬಿಟ್ಟುಕೊಂಡಿವೆ. ಎಣ್ಣೆ ಬಿಟ್ಟು ಈ ಮಳೆಗಾಲ ಕಳೆಯಬಹುದಾ ಅಣ್ಣ?

ಹತ್ತನೇ ನಂಬರ್ ಸ್ಪ್ಯಾನರ್:
ಬೇಡ, ಬದಲಾಯಿಸಿ. ಒಂದು ಎಳೆ ಹೋದರೆ ಅದರ ಭಾರ ಉಳಿದವುಗಳ ಮೇಲೆ, ಆಮೇಲೆ ಸಾಲಾಗಿ ಹೋಗುತ್ತವೆ. ಅಲ್ಲೇ ತುಂಡಾಗಲು ಕಾರಣವಿದೆ: ಗುಂಡು ಒಣಗಿದ್ದರೆ ಲೀವರಿನ ತೂತಲ್ಲಿ ತಿರುಗುವುದಿಲ್ಲ, ಪ್ರತಿ ಸಲ ಒತ್ತಿದಾಗಲೂ ತಂತಿ ಕುತ್ತಿಗೆಯಲ್ಲೇ ಬಗ್ಗುತ್ತದೆ. ಗ್ರೀಸ್ ಬೇಕಾದ್ದು ಅಲ್ಲಿಗೆ, ಕಡಲೆಕಾಳಿನಷ್ಟು. ಲೀವರ್ ಬೋಲ್ಟ್‌ಗೂ ತೆಳ್ಳಗೆ ಸವರಿ.

ಹಳೇ ಕೇಬಲ್ ಎಳೆಯುವ ಮೊದಲು ಅದರ ತುದಿಗೆ ಗಟ್ಟಿ ದಾರ ಕಟ್ಟಿ. ಟ್ಯಾಂಕ್ ಕೆಳಗೆ ಯಾವ ದಾರಿಯಲ್ಲಿ ಹೋಗಿತ್ತೋ ದಾರ ಅಲ್ಲೇ ಉಳಿಯುತ್ತದೆ, ಹೊಸದನ್ನು ಅದಕ್ಕೇ ಕಟ್ಟಿ ಎಳೆದುಕೊಳ್ಳಿ. ಹೊಸ ಕೇಬಲ್‌ಗೂ ಹಾಕುವ ಮೊದಲೇ ಎಣ್ಣೆ ಬಿಡಿ.

ಲೀವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಪ್ಲೇ ಇರಲಿ, ಅಂದರೆ ತಂತಿ ಬಿಗಿಯಾಗುವ ಮೊದಲು ಲೀವರ್ ಖಾಲಿ ಆಡುವಷ್ಟು ಜಾಗ. ಪ್ಲೇ ಇಲ್ಲದಿದ್ದರೆ ಕ್ಲಚ್ ಪ್ಲೇಟುಗಳು ಪೂರ್ತಿ ಕಚ್ಚದೆ ಜಾರಿ ಸುಡುತ್ತವೆ. ಘಾಟಿ ಏರುವಾಗ ಎಂಜಿನ್ ಕೂಗುತ್ತದೆ, ಬೈಕ್ ಏರೋದಿಲ್ಲ. ಜಾಸ್ತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಕಟಕಟ ಅನ್ನುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ.

ಕೆಮ್ಮಣ್ಣು ದಾರಿ:
ಜೋಡಿಸಿದ ಮೇಲೆ ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಪ್ಲೇ ನೋಡಿ. ಒಂದು ಕಡೆ ಕಡಿಮೆಯಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಅದನ್ನು ಕಂಡುಹಿಡಿಯುವುದು ಬೇಡ. ಲೀವರ್ ಹತ್ತಿರದ ರಬ್ಬರ್ ಟೋಪಿ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಾಯಿಸಿ, ನೀರು ಇಳಿಯುವುದು ಅಲ್ಲಿಂದಲೇ.