ಗುಂಡನ ಗೋಡೆ

"ಗೋಡೆ ಇಳಿಸಬೇಕು ಕಣ್ರೋ, ಯಾರಾದ್ರೂ ಸಹಾಯಕ್ಕೆ ಬನ್ನಿ" ಎಂದ ಗುಂಡ.

"ಗಾರೆಯವರನ್ನ ಕರಿ. ನಮ್ಮನ್ನ ಯಾಕೆ ಕರೀತೀಯ?" ಎಂದ ನಂಜುಂಡಿ, ಬೈಟು ಕಾಫಿಯಲ್ಲಿ ತನ್ನ ಪಾಲು ಕಮ್ಮಿಯಾಗಿದೆಯಾ ಎಂದು ಲೋಟ ಎತ್ತಿ ನೋಡುತ್ತ.

"ಆ ಗೋಡೆ ಅಲ್ವೋ. ಸೆಕೆಂಡ್ ಲೈಫ್‌ನಲ್ಲಿರೋ ನನ್ನ ಮನೆ ಗೋಡೆ. ಅದರ ಟೆಕ್ಸ್‌ಚರು. ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು."

ನಂಜುಂಡಿ ಲೋಟ ಕೆಳಗಿಟ್ಟ. ಒಂಟಿಕೊಪ್ಪಲಿನ ಆ ಹೋಟೆಲಿನಲ್ಲಿ ಅವನು ಕುಡಿಯದೆ ಲೋಟ ಕೆಳಗಿಟ್ಟ ಅಂದರೆ ಯಾರಿಗೋ ಗ್ರಹಚಾರ ಕಾದಿದೆ.

"ಇರೋ ಒಂದು ಲೈಫಿಗೇ ಕರೆಂಟ್ ಬಿಲ್ ಕಟ್ಟೋಕಾಗ್ತಿಲ್ಲ. ನಿನಗೆ ಎರಡನೇದು ಬೇರೆ ಕೇಡು! ಅಲ್ಲೂ ಇ-ಖಾತಾ ಮಾಡಿಸಿದ್ಯಾ?"

"ಅದೇನು ಹೊಸದಲ್ಲ, 2003ರಿಂದ ಇದೆ" ಎಂದ ಸುಬ್ಬು. ಯಾರೂ ಕೇಳದಿದ್ದರೂ ವಿವರ ಕೊಡುವುದು ಸುಬ್ಬುವಿನ ಧರ್ಮ. "ಇಂಟರ್ನೆಟ್‌ನಲ್ಲಿರೋ ಒಂದು ಹುಸಿ ಲೋಕ, ಕಂಪ್ಯೂಟರ್ ಪರದೆ ಮೇಲೇ ಮನೆ ಕಟ್ಟಿ ಓಡಾಡಬಹುದು. ಲಿಂಡೆನ್ ಲ್ಯಾಬ್ ಅಂತ, ಸ್ಯಾನ್ ಫ್ರಾನ್ಸಿಸ್ಕೋದವರು ಮಾಡಿದ್ದು. ಅಲ್ಲಿ ಗೋಡೆ ಅಂದ್ರೆ ಬರೀ ಬೋಳು ಹಲಗೆ. ಅದರ ಮೇಲೆ ಇಟ್ಟಿಗೆ ಚಿತ್ರ ಅಂಟಿಸಿದ್ರೆ ಇಟ್ಟಿಗೆ ಗೋಡೆ, ಕಲ್ಲಿನ ಚಿತ್ರ ಅಂಟಿಸಿದ್ರೆ ಕಲ್ಲಿನ ಗೋಡೆ. ಆ ಚಿತ್ರವೇ ಟೆಕ್ಸ್‌ಚರು. ಒಳಗೆ ಹಾಕೋಕೆ 10 ಲಿಂಡೆನ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ ಸುಮಾರು 250 ಲಿಂಡೆನ್ ಸಿಗುತ್ತೆ. ನಮ್ಮ ದುಡ್ಡಲ್ಲಿ ಮೂರ್ನಾಲ್ಕು ರೂಪಾಯಿ."

"ಮೂರು ರೂಪಾಯಿಗೆ ಗೋಡೆ! ನಮ್ಮ ಪೇಂಟರು ಗೋಡೆ ನೋಡಿ ತಲೆ ಅಲ್ಲಾಡಿಸೋಕೇ ಇನ್ನೂರು ತಗೊಂಡ."

"ಹಾಕೋದು ಸುಲಭ, ವಾಪಸ್ ತೆಗೆಯೋದೇ ಕಷ್ಟ" ಎಂದಳು ಪದ್ದಿ. ಅವಳೂ ಅಲ್ಲೊಂದು ಮನೆ ಮಾಡಿದ್ದಾಳೆ ಎಂಬುದು ಆಗ ಹೊರಬಿತ್ತು. "ನಾನು ಅಲ್ಲಿ ಒಂದು ಅಂಗಡಿಯಲ್ಲಿ ರೆಡ್ ಆಕ್ಸೈಡ್ ನೆಲ ಕೊಂಡುಕೊಂಡೆ. ಇನ್‌ವೆಂಟರಿಗೆ, ಅಂದ್ರೆ ಅಲ್ಲಿನ ನಮ್ಮ ಸಾಮಾನಿನ ಪಟ್ಟಿಗೆ, ಹೋಗಿ ಅದನ್ನ ತೆರೆದ್ರೆ ಚಿತ್ರ ಬರುತ್ತೆ, ಕೆಳಗೆ 'ಸೇವ್ ಆ್ಯಸ್' ಬಟನ್ನೂ ಇದೆ. ಆದ್ರೆ ಮಂಕಾಗಿ ಕೂತಿದೆ, ಎಷ್ಟು ಒತ್ತಿದ್ರೂ ಜಪ್ಪಯ್ಯ ಅನ್ನಲ್ಲ. ಕಾಪಿ ಮಾಡೋಕೆ, ಬದಲಾಯಿಸೋಕೆ, ಇನ್ನೊಬ್ಬರಿಗೆ ಕೊಡೋಕೆ, ಮೂರೂ ಪರ್ಮಿಷನ್ ಇದ್ರೆ ಮಾತ್ರ ಇಳಿಯುತ್ತಂತೆ. ನನ್ನ ನೆಲಕ್ಕೆ ಮೂರನೇದು ಇಲ್ಲ."

"ಸರಿಯಾಗೇ ಇದೆ. ಸಿನಿಮಾ ಟಿಕೆಟ್ ತಗೊಂಡೋರು ಬರುವಾಗ ಪರದೆ ಮಡಚಿಕೊಂಡು ಬರ್ತಾರಾ?"

"ಸ್ಕ್ರೀನ್‌ಶಾಟ್ ತೆಗೆದ್ರೆ ಆಯ್ತಪ್ಪ" ಎಂದ ಗುಂಡ.

"ನೆರಳು, ಬೆಳಕು ಎಲ್ಲ ಸೇರಿ ಬರುತ್ತೆ. ಮೇಲಾಗಿ ಅದು ಕಳ್ಳತನ" ಎಂದ ಸುಬ್ಬು. "2006ರಲ್ಲಿ ಕಾಪಿಬಾಟ್ ಅಂತ ಒಂದು ಪ್ರೋಗ್ರಾಂ ಬಂದಿತ್ತು, ಕಂಡೋರ ವಸ್ತು ನಕಲು ಮಾಡೋಕೆ. ಅಲ್ಲಿನ ಎಷ್ಟೋ ವ್ಯಾಪಾರಿಗಳು ಅಂಗಡಿ ಬಾಗಿಲು ಹಾಕಿ ಪ್ರತಿಭಟನೆ ಮಾಡಿದ್ರು."

ನಂಜುಂಡಿಗೆ ಸ್ವರ್ಗ ಸಿಕ್ಕಿತು. "ಇಲ್ಲದ ಅಂಗಡಿಗೆ ಇಲ್ಲದ ಬಾಗಿಲು ಹಾಕಿ ನಿಜವಾದ ಬಂದ್! ಅಲ್ಲ ಪದ್ದಿ, ನಿಮ್ಮ ಅಗ್ರಹಾರದ ಮನೇಲಿ ಕೆಂಪು ನೆಲ ಇರಲಿಲ್ವಾ? ಜಾರುತ್ತೆ, ಓಲ್ಡ್ ಫ್ಯಾಷನ್ನು ಅಂತ ಒಡೆಸಿ ಟೈಲ್ಸ್ ಹಾಕಿಸಿದೋಳು ನೀನು. ಈಗ ಅದೇ ನೆಲಾನ ಕಾಲಿಡೋಕಾಗದ ಜಾಗದಲ್ಲಿ ದುಡ್ಡು ಕೊಟ್ಟು ತಗೊಂಡಿದ್ದೀಯ."

"ಕಾಲಿಡಬಹುದು" ಎಂದಳು ಪದ್ದಿ. "ತಣ್ಣಗಿರಲ್ಲ, ಅಷ್ಟೆ."

ಒಂದು ಕ್ಷಣ ಯಾರಿಗೂ ಉತ್ತರ ಹೊಳೆಯಲಿಲ್ಲ. ನಂಜುಂಡಿ ದೇವರಾಜ ಮಾರ್ಕೆಟ್ಟಿಗೆ ಹಾರಿದ. "2016ರಲ್ಲಿ ಅದರ ಒಂದು ಭಾಗ ಬಿತ್ತಲ್ಲ, ಆವಾಗಿಂದ ಕೆಡವೋದಾ ಉಳಿಸೋದಾ ಅಂತ ಊರೆಲ್ಲ ಜಗಳ. ಸುಮ್ನೆ ಗುಂಡನ ಕೈಗೆ ಕೊಟ್ಟುಬಿಡಿ. ಗೋಡೆಗೆ ಮೂರು ರೂಪಾಯಿ, ಹೂವಿನ ಸಾಲಿಗೆ ಒಂದು ರೂಪಾಯಿ ಡಿಸ್ಕೌಂಟು."

"ನನ್ನದು ಕೊಂಡದ್ದಲ್ಲ ಕಣೋ" ಎಂದ ಗುಂಡ, ಲ್ಯಾಪ್‌ಟಾಪ್ ತೆರೆಯುತ್ತ. "ನಾನೇ ಹಾಕಿದ್ದು. ಮೂರು ಪರ್ಮಿಷನ್ನೂ ನಂದೇ. ಕೃಷ್ಣಮೂರ್ತಿಪುರಂ ಮನೆ ಕೆಡವೋ ಮುಂಚೆ ತೆಗೆದ ಫೋಟೊ. ಮೂಲ ಇದ್ದ ಹಾರ್ಡ್‌ಡಿಸ್ಕ್ ಸತ್ತುಹೋಯ್ತು. ಈಗ ಉಳಿದಿರೋದು ಅಲ್ಲಿ ಮಾತ್ರ."

ನಂಜುಂಡಿ ಏನೋ ಹೇಳಲು ಬಾಯಿ ತೆರೆದವನು ಕಾಫಿ ಕುಡಿದ.

ಗುಂಡ ಬಟನ್ ಒತ್ತಿದ. ಟಿಜಿಎ ಎಂಬ ಬಾಲವಿರುವ ಫೈಲೊಂದು ಇಳಿಯಿತು. ಡಬಲ್ ಕ್ಲಿಕ್ ಮಾಡಿದರೆ ಕಂಪ್ಯೂಟರು ಇದ್ಯಾರೆಂದೇ ಗೊತ್ತಿಲ್ಲ ಎಂದಿತು. "1984ರ ಮಾದರಿ, ಗಿಂಪ್ ಅಂತ ಚಿತ್ರ ತಿದ್ದೋ ಸಾಫ್ಟ್‌ವೇರ್ ಇದೆಯಲ್ಲ, ಅದರಲ್ಲಿ ತೆರಿ" ಎಂದ ಸುಬ್ಬು. ತೆರೆಯಿತು. ಉದ್ದನೆಯ ಕಿಟಕಿ, ಸುಣ್ಣ ಉದುರಿದ ಗೋಡೆ, ಗೋಡೆಗೆ ಒರಗಿ ಪಂಚೆ ಎತ್ತಿ ಕಟ್ಟಿ ನಿಂತ ಗುಂಡನ ತಾತ. ಸಣ್ಣಗೆ, ಎತ್ತರಕ್ಕೆ, ಸೋರೆಬುರುಡೆ ಹೋಗಿ ಪಡವಲಕಾಯಿ.

"ಇದ್ಯಾರೋ?" ಎಂದಳು ಪದ್ದಿ.

"ತಾತನೇ. ಆಗ 1024 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರ ಒಳಗೆ ಬಿಡ್ತಿರಲಿಲ್ಲ. ಅಗಲದ ಫೋಟೊನ ಅಮುಕಿ ಚೌಕ ಮಾಡಿಬಿಟ್ಟಿದೆ. ಗೋಡೆ ಮೇಲೆ ಎಳೆದು ಅಂಟಿಸಿದ್ದಕ್ಕೆ ಅಲ್ಲಿ ಗೊತ್ತಾಗಲಿಲ್ಲ."

"ಶುಗರ್ ಇದೆ, ಸಣ್ಣ ಆಗಿ ಅಂತ ಡಾಕ್ಟರು ಬಡ್ಕೊಂಡ್ರೂ ಆಗದ ಮನುಷ್ಯ" ಎಂದ ನಂಜುಂಡಿ. "ಒಂದೇ ಅಪ್‌ಲೋಡಿಗೆ ಆಗಿಬಿಟ್ರಲ್ಲೋ!"

"ಕ್ಯಾಮೆರಾ ಅಳತೆ 4:3. ಅಗಲ 1365 ಮಾಡು, ಸರಿಹೋಗುತ್ತೆ" ಎಂದ ಸುಬ್ಬು.

ಗುಂಡ ಮಾಡಿದ. ತಾತ ಮೆಲ್ಲಗೆ ಹಿಗ್ಗಿದರು. ಹತ್ತಿರದಿಂದ ನೋಡಿದರೆ ಮುಖ ಮಸುಕು, ಕನ್ನಡಕದ ದಾರ ಎಲ್ಲೋ ಕರಗಿಹೋಗಿತ್ತು.

"ಇನ್ನೂ ಸ್ವಲ್ಪ" ಎಂದ ನಂಜುಂಡಿ.

"ಲೆಕ್ಕ ಮುಗೀತು ಕಣೋ, 1365."

"ಲೆಕ್ಕ ಸುಬ್ಬೂದು. ಅವರು ಜಗಲಿ ಮೇಲೆ ಕೂತ್ರೆ ನಮ್ಮ ಮೂರು ಜನಕ್ಕೂ ಜಾಗ ಇರ್ತಿರಲಿಲ್ಲ, ಮರೆತುಹೋಯ್ತಾ? ಎಳಿ."

ಗುಂಡ 1500ಕ್ಕೆ ಎಳೆದ.

"ಕಿಟಕಿ ಬಾಗಿಲಿನಷ್ಟು ಅಗಲ ಆಯ್ತಲ್ರೋ" ಎಂದಳು ಪದ್ದಿ.

"ಕಿಟಕಿ ಯಾರು ಕೇಳಿದ್ರೀಗ? ನೀನು ಎಳಿಯೋ ಗುಂಡ."