‘ನಾಯಿಗಳ ಮೇಲೆ’ ಶಿಕಾರಿ: ಹಕ್ಕಿಬೇಟೆಯ ನಾಯಿಗಳ ಕೆಲವು ಪದಗಳ ಬಗ್ಗೆ

ಮಾನ್ಯರೇ,

ನನ್ನ ತೊಡಕು ಆರಂಭವಾದದ್ದು ‘ಮೇಲೆ’ ಎಂಬ ಒಂದು ಪುಟ್ಟ ಮಾತಿನಿಂದ. ಕಳೆದ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಸದರ್ಲ್ಯಾಂಡಿನ ಗುಡ್ಡಗಳಲ್ಲಿ, ಬೇಟೆನಾಯಿಗಳನ್ನು ಪಳಗಿಸುವ ಪರಿಚಿತರೊಬ್ಬರ ಹಿಂದೆ ಒಂದು ದಿನವಿಡೀ ನಡೆದೆ. ಅಂದು ಬರೆದಿಟ್ಟ ಟಿಪ್ಪಣಿಗಳನ್ನು ಈಗ ಕನ್ನಡದಲ್ಲಿ ಲೇಖನವಾಗಿಸುತ್ತಿದ್ದೇನೆ. ಅಲ್ಲಿನವರು ಆ ಬಗೆಯ ಶಿಕಾರಿಗೆ ‘ಶೂಟಿಂಗ್ ಓವರ್ ಡಾಗ್ಸ್’ ಎನ್ನುತ್ತಾರೆ. ನಾನು ಹಿಂದುಮುಂದು ನೋಡದೆ ‘ನಾಯಿಗಳ ಮೇಲೆ ಗುಂಡು ಹಾರಿಸಿದರು’ ಎಂದು ಬರೆದೆ. ಕರಡನ್ನು ಓದಿದ ನಮ್ಮ ಮನೆಯವರು ಕೇಳಿದ ಮೊದಲ ಪ್ರಶ್ನೆ: ‘ಪಾಪ, ಅವೇನು ಮಾಡಿದ್ದವು?’

ಇಂಗ್ಲಿಷಿನ ‘ಓವರ್’ ಇಲ್ಲಿ ಗುಂಡಿನ ದಾರಿಯನ್ನು ಹೇಳುತ್ತಿಲ್ಲ. ನಾಯಿ ಮುಂದೆ ಹೋಗಿ ಹಕ್ಕಿಯನ್ನು ಪತ್ತೆ ಮಾಡುತ್ತದೆ, ಕೋವಿಯವರು ಅದರ ಹಿಂದೆ ನಡೆದುಬಂದು ಹೊಡೆಯುತ್ತಾರೆ ಎಂಬುದಷ್ಟೇ ಅದರ ಅರ್ಥ. ‘ನಾಯಿ ಬಿಟ್ಟು ಹೊಡೆಯುವುದು’ ಎನ್ನೋಣವೆಂದರೆ ನಮ್ಮಲ್ಲಿ ನಾಯಿ ಬಿಡುವುದೆಂದರೆ ಛೂ ಬಿಡುವುದೇ. ಈ ಬಳಕೆ ಇಂದು ನಿನ್ನೆಯದಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ, ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚುಗೆಯಾಗಿ ಕೊಟ್ಟ ಕಾಳಿ ಎಂಬ ನಾಯಿಯನ್ನು ಒಂದು ಭಾರಿ ಹಂದಿಯ ಮೇಲೆ ಬಿಡುತ್ತಾರೆ. ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೆ ಸಾಯುತ್ತವೆ. ಕನ್ನಡದ ಬೇಟೆನಾಯಿ ಸಾವಿರ ವರ್ಷಗಳಿಂದಲೂ ನುಗ್ಗುವ, ಕಚ್ಚುವ, ಕೆಡಹುವ ನಾಯಿಯೇ. ಮುಧೋಳದ ನಾಯಿಯೂ ಆ ಜಾತಿಯದೇ: ಅದು ಕಣ್ಣಿನಿಂದ ಬೇಟೆಯನ್ನು ಕಂಡು, ಓಟದಿಂದ ಅದನ್ನು ಹಿಡಿಯುತ್ತದೆ. ಸದರ್ಲ್ಯಾಂಡಿನ ಗುಡ್ಡದ ಮೇಲೆ ನಾನು ಕಂಡ ನಾಯಿಗಳ ಹೆಚ್ಚುಗಾರಿಕೆಯೆಲ್ಲ ಹಿಡಿಯದೆ ಇರುವುದರಲ್ಲಿತ್ತು. ನಮ್ಮ ಬೇಟೆಯ ಶಬ್ದಭಂಡಾರ ಬಡವಾದುದೇನೂ ಅಲ್ಲ, ಆದರೆ ಅದು ಬೇರೆ ನಾಯಿಗಾಗಿ ಹುಟ್ಟಿದ್ದು ಎಂಬುದು ನನ್ನ ಅನಿಸಿಕೆ. ಸದ್ಯಕ್ಕೆ ಆ ಇಂಗ್ಲಿಷ್ ಮಾತಿಗೆ ‘ನಾಯಿ ಮುಂದಿಟ್ಟುಕೊಂಡು ಮಾಡುವ ಶಿಕಾರಿ’ ಎಂದು ಬರೆದಿದ್ದೇನೆ.

‘ಬೇಟೆ’ಯನ್ನು ಬಿಟ್ಟು ‘ಶಿಕಾರಿ’ಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬ್ರಿಟನ್ನಿನಲ್ಲಿ ‘ಹಂಟಿಂಗ್’ ಎಂದರೆ ಕುದುರೆಯೇರಿ ನಾಯಿಹಿಂಡಿನ ಹಿಂದೆ ನರಿಯನ್ನೋ ಜಿಂಕೆಯನ್ನೋ ಅಟ್ಟಿಕೊಂಡು ಹೋಗುವುದು. ಕೋವಿ ಹಿಡಿದು ಹಕ್ಕಿ ಹೊಡೆಯುವುದು ‘ಶೂಟಿಂಗ್’. ಅಮೆರಿಕದವರು ಎರಡಕ್ಕೂ ‘ಹಂಟಿಂಗ್’ ಎಂದೇ ಹೇಳುತ್ತಾರೆ. ನಮ್ಮ ಮಲೆನಾಡಿನಲ್ಲಿ ‘ಶಿಕಾರಿಗೆ ಹೋದರು’ ಎಂದಾಗ ಕಣ್ಣೆದುರು ಬರುವುದು ಕೋವಿ, ತೋಟಾ, ಈಡು. ಪಾರಸಿ ಮತ್ತು ಹಿಂದಿಯಲ್ಲಿ ಶಿಕಾರಿ ಎಂದರೆ ಬೇಟೆಗಾರ. ಕನ್ನಡಕ್ಕೆ ಬಂದ ಮೇಲೆ ಆ ಶಬ್ದ ಮನುಷ್ಯನನ್ನು ಬಿಟ್ಟು ಕೆಲಸಕ್ಕೆ ಅಂಟಿಕೊಂಡಿತು. ಈ ಪಲ್ಲಟ ನಮಗಿಲ್ಲಿ ಅನುಕೂಲವೇ ಆಗಿದೆ.

ಇನ್ನು ಮುಖ್ಯವಾದ ಪದಕ್ಕೆ ಬರುತ್ತೇನೆ. ಅಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಗಾಳಿ ಪಡುವಣದಿಂದ ಬೀಸುತ್ತಿತ್ತು. ಮೊಣಕಾಲೆತ್ತರದ ಹೆದರ್ ಗಿಡಗಳ ನಡುವೆ, ಬಿಳಿಯ ಮೈಮೇಲೆ ಕಂದು ಮಚ್ಚೆಗಳಿದ್ದ ಪಾಯಿಂಟರ್ ಎಂಬ ತಳಿಯ ಏಳು ವರ್ಷದ ಹೆಣ್ಣು ನಾಯಿ ಓಡುತ್ತಿತ್ತು. ಓಡುತ್ತಿದ್ದ ನಾಯಿ ಒಂದು ಕಡೆ ಇದ್ದಕ್ಕಿದ್ದಂತೆ, ಯಾರೋ ಅದೃಶ್ಯ ಹಗ್ಗವನ್ನು ಜಗ್ಗಿದರೇನೋ ಎಂಬಂತೆ ನಿಂತುಬಿಟ್ಟಿತು. ತಲೆ ಮುಂದಕ್ಕೆ, ಬಾಲ ಹಿಂದಕ್ಕೆ, ಮುಂಗಾಲೊಂದು ಮಡಚಿ ಎದೆಗೆ ತಾಗಿದಂತೆ. ಮೂಗಿನ ಹೊಳ್ಳೆಗಳು ಮಾತ್ರ ಅಲುಗುತ್ತಿದ್ದವು. ನಾವು ಅದನ್ನು ತಲುಪಲು ಐದು ನಿಮಿಷವಾದರೂ ಬೇಕಾಯಿತು, ಅಷ್ಟೂ ಹೊತ್ತು ಅದು ಹಾಗೆಯೇ ಇತ್ತು. ಹಕ್ಕಿ ಎಲ್ಲಿದೆಯೆಂದು ನಮ್ಮ ಯಾರ ಕಣ್ಣಿಗೂ ಕಾಣಲಿಲ್ಲ. ನಾಯಿಯ ಕಣ್ಣಿಗೂ ಕಂಡಿರಲಾರದು. ಗಾಳಿ ತಂದ ವಾಸನೆಯಷ್ಟೇ ಅದಕ್ಕೆ ಆಧಾರ.

ಇದೇ ‘ಪಾಯಿಂಟ್’. ‘ತೋರಿಸು’ ಎಂದರೆ ಸಪ್ಪೆ. ಅದರಲ್ಲಿ ಮೈಯ ಬಿಗಿಯಿಲ್ಲ. ‘ಹೊಂಚು ಹಾಕು’ ಎಂದರೆ ತಪ್ಪು, ಏಕೆಂದರೆ ಹೊಂಚುವವನ ಮನಸ್ಸಿನಲ್ಲಿ ಎರಗುವ ಉದ್ದೇಶವಿರುತ್ತದೆ. ‘ಸೆಟೆದು ನಿಲ್ಲು’ ಎಂಬುದು ಮೈಯನ್ನೇನೋ ಹೇಳುತ್ತದೆ, ಆದರೆ ಜಗಳಕ್ಕೆ ನಿಂತ ದನಿ ಅದರಲ್ಲಿದೆ. ನನಗೆ ಒಪ್ಪಿಗೆಯಾದದ್ದು ‘ನಟ್ಟು ನಿಲ್ಲು’. ಬಾಣ ಮರಕ್ಕೆ ನಟ್ಟಿತು, ಕಣ್ಣು ದಾರಿಯಲ್ಲಿ ನಟ್ಟಿತು, ನಟ್ಟ ನೋಟ: ಈ ಬಳಕೆಗಳಲ್ಲೆಲ್ಲ ಚಲನೆಯೊಂದು ತಟ್ಟನೆ ನಿಂತ ಭಾವವೂ, ನಿಂತದ್ದು ಒಂದು ಗುರಿಯ ಕಡೆಗೇ ಎಂಬ ಭಾವವೂ ಒಟ್ಟಿಗೆ ಇವೆ. ನಾಮಪದ ಬೇಕಾದಲ್ಲಿ ‘ನಟ್ಟನಿಲುವು’ ಎನ್ನಬಹುದೇ? ಹಕ್ಕಿಯಿಲ್ಲದ ಕಡೆ, ಹಳೆಯ ವಾಸನೆಗೆ ಮೋಸಹೋಗಿ ನಿಂತರೆ ಅದು ‘ಹುಸಿನಿಲುವು’ ಆಗುತ್ತದೆ. ಇದು ಹೇಗೋ ತಾನಾಗಿಯೇ ಒದಗಿಬಂತು.

‘ಸೆಟ್ಟರ್’ ತಳಿಯ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೋವಿಗೂ ಹಿಂದೆ ಹಕ್ಕಿಗಳನ್ನು ಬಲೆಯಿಂದ ಹಿಡಿಯುತ್ತಿದ್ದ ಕಾಲದಲ್ಲಿ, ಈ ನಾಯಿ ಹಕ್ಕಿಗಳ ಮುಂದೆ ನೆಲಕ್ಕಂಟಿ ಕೂರುತ್ತಿತ್ತು. ಬೇಟೆಗಾರರು ಬಲೆಯನ್ನು ನಾಯಿಯ ಮೇಲಿಂದಲೇ ಎಳೆದು ಹಕ್ಕಿಗಳನ್ನು ಮುಚ್ಚುತ್ತಿದ್ದರು. ಅಲ್ಲಿ ಮಾತ್ರ ‘ನಾಯಿಯ ಮೇಲೆ’ ಎಂಬುದು ಅಕ್ಷರಶಃ ನಿಜ.

ವಾಸನೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನೆಲದ ಮೇಲಿನ ಹೆಜ್ಜೆವಾಸನೆಯನ್ನು ಹಿಡಿದು ಹೋಗುವುದಕ್ಕೆ ‘ಜಾಡು ಹಿಡಿ’ ಎಂಬ ಒಳ್ಳೆಯ ಮಾತಿದೆ. ಪಾಯಿಂಟರ್ ಹಾಗಲ್ಲ, ಅದು ತಲೆಯೆತ್ತಿ ಗಾಳಿಯಲ್ಲಿ ತೇಲಿಬರುವ ಮೈವಾಸನೆಯನ್ನು ಹಿಡಿಯುತ್ತದೆ. ಹಾಗೆಂದು ‘ನಾಯಿಗೆ ಗಾಳಿ ಹಿಡಿಯಿತು’ ಎಂದು ಬರೆದರೆ ಓದುಗರು ಮಂತ್ರವಾದಿಯನ್ನು ಹುಡುಕಿಯಾರು. ‘ಗಾಳಿವಾಸನೆ’ ಎಂದು ಕೂಡಿಸಿ ಬರೆದು ಪಾರಾಗಿದ್ದೇನೆ.

ಅದು ಹುಡುಕುವ ರೀತಿಗೆ ಅಲ್ಲಿ ‘ಕ್ವಾರ್ಟರಿಂಗ್’ ಎನ್ನುತ್ತಾರೆ. ಗಾಳಿಗೆ ಎದುರಾಗಿ, ಬೇಟೆಗಾರನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಡ್ಡಡ್ಡ ಓಡುತ್ತ, ಪ್ರತಿ ತಿರುವಿನಲ್ಲೂ ಸ್ವಲ್ಪ ಮುಂದಕ್ಕೆ ಸರಿಯುತ್ತ, ನಡುವೆ ಒಂದು ಮಾರು ನೆಲವನ್ನೂ ಬಿಡದ ಹಾಗೆ ಜಾಲಾಡುವುದು. ಕನ್ನಡದ ‘ಅಡ್ಡಾಡು’ ಒಂದು ಕಾಲಕ್ಕೆ ಇದನ್ನೇ ಹೇಳುತ್ತಿತ್ತೋ ಏನೋ; ಅಡ್ಡ ಆಡುವುದು ಎಂದಲ್ಲವೇ ಅದರ ಕಟ್ಟು? ಈಗ ಅದು ಸಂಜೆಯ ಸುತ್ತಾಟಕ್ಕೆ ಇಳಿದಿದೆ. ಅಕ್ಷರಗಳನ್ನು ನಕ್ಷೆಯಂತೆ ಜೋಡಿಸುವ ಚಿತ್ರಕಾವ್ಯದ ‘ಗೋಮೂತ್ರಿಕಾ’ ಬಂಧದಲ್ಲಿ ಅಂಕುಡೊಂಕಿನ ಇದೇ ನಕ್ಷೆಯಿದೆ, ನಡೆಯುವ ಎತ್ತಿನ ಉಚ್ಚೆ ನೆಲದಲ್ಲಿ ಬರೆಯುವ ಗೆರೆ ಅದು. ಆದರೆ ಬೇಟೆಯ ಬರಹಕ್ಕೆ ಆ ಶಬ್ದವನ್ನು ತಂದರೆ ನಾಯಿ ಓಡುವ ಬದಲು ಶಾಸ್ತ್ರಾರ್ಥಕ್ಕೆ ಕುಳಿತಂತಾಗುತ್ತದೆ. ‘ಅಡ್ಡಸಾಲು ಹೊಡೆಯುವುದು’ ಎಂಬ ಉಳುಮೆಯ ಮಾತನ್ನು ಒರಟಾಗಿದ್ದರೂ ಒಪ್ಪಿಕೊಂಡಿದ್ದೇನೆ. ಹೊಲದ ಕೊನೆಯಲ್ಲಿ ಎತ್ತು ತಿರುಗುವ ಹಾಗೆಯೇ ನಾಯಿಯೂ ತಿರುಗುತ್ತದೆ, ಒಂದು ಸಿಳ್ಳೆಗೆ.

ನನ್ನನ್ನು ಹೆಚ್ಚು ಕಾಡಿದ ಪದ ‘ಬ್ಯಾಕಿಂಗ್’. ಒಂದು ನಾಯಿ ನಟ್ಟು ನಿಂತಾಗ, ದೂರದಲ್ಲಿರುವ ಇನ್ನೊಂದು ನಾಯಿ ತನಗೆ ವಾಸನೆ ಸಿಗದಿದ್ದರೂ ಮೊದಲನೆಯದರ ನಿಲುವನ್ನು ಕಂಡ ಮಾತ್ರಕ್ಕೆ ತಾನೂ ನಿಲ್ಲಬೇಕು. ಮುಂದೆ ನುಗ್ಗಿದರೆ ಹಕ್ಕಿ ಹಾರಿಹೋಗುತ್ತದೆ, ಕಂಡುಹಿಡಿದ ನಾಯಿಯ ಕೆಲಸ ಮಣ್ಣುಪಾಲಾಗುತ್ತದೆ. ಇದಕ್ಕೆ ‘ಆನರಿಂಗ್’ ಎಂಬ ಇನ್ನೊಂದು ಹೆಸರೂ ಇದೆ. ನಾಯಿಗಳನ್ನು ಜೋಡಿಯಾಗಿ ಓಡಿಸಿ ಪರೀಕ್ಷಿಸುವ ಪಂದ್ಯಗಳಲ್ಲಿ ಈ ಗುಣವನ್ನು ವಿಶೇಷವಾಗಿ ಗಮನಿಸುತ್ತಾರೆ. ಪಾಯಿಂಟರ್ ಮತ್ತು ಸೆಟ್ಟರ್‌ಗಳ ಇಂಥ ಮೊದಲ ಪಂದ್ಯ 1865ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರಿನ ಸೌತಿಲ್‌ನಲ್ಲಿ ನಡೆಯಿತು. ‘ಬೆಂಬಲಿಸು’ ಎಂದರೆ ಚುನಾವಣೆಯ ವಾಸನೆ, ‘ಗೌರವಿಸು’ ಎಂದರೆ ಶಾಲು ಹೊದಿಸಿದಂತೆ. ‘ಮನ್ನಿಸು’ ಎಂಬುದಕ್ಕೆ ಮಾನ್ಯ ಮಾಡು ಎಂಬ ಹಳೆಯ ಅರ್ಥವಿತ್ತು. ಈಗ ಅದು ಕ್ಷಮಿಸು ಎಂದಾಗಿಬಿಟ್ಟಿದೆ. ಇದಕ್ಕೆ ನಾನು ‘ಒಪ್ಪಿನಿಲ್ಲು’ ಎಂದು ಹೊಸದಾಗಿ ಕಟ್ಟಿದ್ದೇನೆ.

ಅಂದು ಒಪ್ಪಿನಿಲ್ಲಬೇಕಾಗಿದ್ದದ್ದು ಎರಡು ವರ್ಷದ ಸೆಟ್ಟರ್, ಇನ್ನೂ ಪಳಗುತ್ತಿದ್ದ ಗಂಡು. ಅದು ನಿಂತಿತು, ನಿಜಕ್ಕೂ ಚೆನ್ನಾಗಿಯೇ ನಿಂತಿತು. ಹಿರಿಯ ನಾಯಿಯನ್ನು ಮೆಲ್ಲನೆ ಮುಂದೊತ್ತಿದಾಗ ಏಳು ಗ್ರೌಸ್ ಹಕ್ಕಿಗಳು ರೆಕ್ಕೆ ಬಡಿಯುತ್ತ ಎದ್ದವು. ಎರಡು ಈಡು ಆದವು. ಒಂದು ಹಕ್ಕಿ ಬಿತ್ತು. ಹಕ್ಕಿ ಎದ್ದಾಗಲೂ ಈಡಾದಾಗಲೂ ನಾಯಿ ಕದಲಕೂಡದು ಎಂಬುದೇ ಆ ಪಾಠದ ಸಾರ. ಹಿರಿಯದು ಕದಲಲಿಲ್ಲ. ಕಿರಿಯದು ಮೊದಲ ಈಡಿನವರೆಗೆ ತಡೆದುಕೊಂಡು, ಎರಡನೆಯದಕ್ಕೆ ಬಾಣದಂತೆ ಹೊರಟು, ಹಾರಿಹೋದ ಆರು ಹಕ್ಕಿಗಳನ್ನೂ ಗುಡ್ಡದಾಚೆಯವರೆಗೆ ಅಟ್ಟಿಕೊಂಡು ಹೋಯಿತು. ಕುಳಿತುಕೋ ಎಂಬ ಉದ್ದನೆಯ ಸಿಳ್ಳೆ ಮೂರು ಸಲ ಕೇಳಿಸಿತು, ನಮಗೆ ಮಾತ್ರ. ಬೇಟೆಯ ಹೊತ್ತಿಗೆ ನಾಯಿ ಬಯಲಕಡೆಗೆ ಹೋದ ನಮ್ಮ ಗಾದೆಯನ್ನು ನಾಯಿ ಪಳಗಿಸುವ ಆ ಪರಿಚಿತರಿಗೆ ಅನುವಾದಿಸಿ ಹೇಳಿದೆ, ಅವರು ನಗಲಿಲ್ಲ. ಹಿಂದಿರುಗಿ ಬಂದ ನಾಯಿಗೆ ಬೈಯಲೂ ಇಲ್ಲ. ಅದನ್ನು ಎತ್ತಿಕೊಂಡು, ಅದು ಕೂತಿರಬೇಕಿದ್ದ ಜಾಗಕ್ಕೇ ಹೊತ್ತೊಯ್ದು, ಅಲ್ಲಿ ಕೂರಿಸಿ, ಐದು ನಿಮಿಷ ಸುಮ್ಮನೆ ಪಕ್ಕದಲ್ಲಿ ನಿಂತರು. ಈ ‘ಸ್ಟೆಡಿ’ ಎಂಬ ಗುಣಕ್ಕೆ ‘ಸ್ಥಿರ’ ಎನ್ನುವುದಕ್ಕಿಂತ ‘ತಡೆ ಇರುವ ನಾಯಿ’, ‘ತಡೆ ಕಲಿತ ನಾಯಿ’ ಎಂಬುದು ವಾಸಿ. ತಡೆದುಕೊಳ್ಳುವುದು ಎಂಬಲ್ಲಿ ಒಳಗಿನ ಆಸೆ ಕಾಣುತ್ತದೆ. ‘ಸ್ಥಿರ’ ಎಂಬಲ್ಲಿ ಕಂಬ ಕಾಣುತ್ತದೆ.

ಹಕ್ಕಿಯನ್ನು ಹಾರಿಸುವುದಕ್ಕೆ ‘ಎಬ್ಬಿಸು’ ಸಾಕು. ನಾಯಿ ಮೊಲ ಎಬ್ಬಿಸಿತು ಎಂದು ಹಳ್ಳಿಗಳಲ್ಲಿ ಈಗಲೂ ಹೇಳುತ್ತಾರೆ. ಜನರು ಸಾಲುಗಟ್ಟಿ ಗದ್ದಲ ಮಾಡುತ್ತ ಹಕ್ಕಿಗಳನ್ನು ಕೋವಿಗಳ ಕಡೆಗೆ ಅಟ್ಟುವ ಇನ್ನೊಂದು ಬಗೆಯ ಶಿಕಾರಿಗೆ ಹಳಗನ್ನಡದ ‘ಸೋವು’ ಕಾದು ಕುಳಿತಿದೆ. ಅಂಥ ಶಿಕಾರಿಯಲ್ಲಿ ಕೋವಿಯವರು ಮರೆಯಾಗಿ ನಿಲ್ಲುವ ‘ಬಟ್’ಗೆ ಮಲೆನಾಡಿನ ಹಳುಬೇಟೆಯ ‘ಬಿಲ್ಲು’ (ಬಾಣದ ಬಿಲ್ಲಲ್ಲ, ಕೋವಿ ಹಿಡಿದು ಕಾಯುವ ಜಾಗ) ಸರಿಹೋಗುತ್ತದೆ.

ಬಿದ್ದ ಹಕ್ಕಿಯನ್ನು ತರುವುದು ಲ್ಯಾಬ್ರಡಾರಿನ ಪಾಲಿನ ಕೆಲಸ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಸೋಫಾದ ಮೇಲೆ ಮಲಗುವ ‘ರಿಟ್ರೀವರ್’ಗೆ ತನ್ನ ಹೆಸರಿನ ಅರ್ಥವೇ ಮರೆತಿರಬಹುದು, ‘ಎತ್ತಿತರುವ ನಾಯಿ’ ಎಂದರೆ ಸಾಕು. ಕಷ್ಟವಿರುವುದು ‘ಸಾಫ್ಟ್ ಮೌತ್’ ಎಂಬಲ್ಲಿ. ಅಂದು ಆ ನಾಯಿ ತಂದುಕೊಟ್ಟ ಗ್ರೌಸನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ: ಇನ್ನೂ ಬಿಸಿಯಾಗಿತ್ತು, ಪುಕ್ಕ ಕೊಂಚ ಒದ್ದೆಯಾಗಿತ್ತು, ಚರೆ ತಾಗಿದ ಗುರುತಿತ್ತು, ಹಲ್ಲಿನ ಗುರುತು ಒಂದೂ ಇರಲಿಲ್ಲ. ಕನ್ನಡದಲ್ಲಿ ‘ಕಚ್ಚು’ ಎಂದರೆ ಗಾಯ ಮಾಡುವುದೂ ಹೌದು, ಗಾಯ ಮಾಡದೆ ಹಲ್ಲಿನ ನಡುವೆ ಹಿಡಿಯುವುದೂ ಹೌದು. ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ ಎನ್ನುತ್ತೇವಲ್ಲ. ‘ಹಗುರ ಬಾಯಿ’ ಎಂದರೆ ಆಡಬಾರದ್ದನ್ನು ಆಡುವ ಬಾಯಿಯಾಗುತ್ತದೆ. ‘ಮೆದುಬಾಯಿ’ ಎಂದು ಇಟ್ಟುಕೊಂಡಿದ್ದೇನೆ. ಅದರ ಎದುರು ಹಕ್ಕಿಯ ಎಲುಬು ಮುರಿಯುವ ಬಾಯಿಗೆ ‘ಗಡಸುಬಾಯಿ’ ಎಂದರೆ ಬೈಗುಳದಂತೆ ಕೇಳಿಸುತ್ತದೆ, ಪಳಗಿಸುವವರ ಬಾಯಲ್ಲಿ ಅದು ಬೈಗುಳವೇ.

‘ಬ್ರೇಸ್’ ಎಂದರೆ ಎರಡು ಹಕ್ಕಿ, ‘ಜೋಡಿ’ ಎಂದರಾಯಿತು. ‘ಗನ್’ ಎಂದರೆ ಅಲ್ಲಿ ಕೋವಿಯೂ ಹೌದು, ಕೋವಿ ಹಿಡಿದವನೂ ಹೌದು. ಸಾರಿಗೆ ಬಸ್ಸಿನವರು ‘ಎರಡು ಟಿಕೆಟ್ ಹತ್ತಿದವು’ ಎನ್ನುವವರಾದ್ದರಿಂದ ನಾವೂ ‘ನಾಲ್ಕು ಕೋವಿ ಬಂದಿದ್ದವು’ ಎನ್ನಲು ಹಿಂಜರಿಯಬೇಕಾಗಿಲ್ಲ.

ಕೊನೆಯದಾಗಿ, ನನಗೆ ಉತ್ತರ ಹೊಳೆಯದ ಪದ ‘ಬ್ಲಿಂಕಿಂಗ್’. ಮರಿಯಾಗಿದ್ದಾಗ ಈಡಿನ ಸದ್ದಿಗೆ ಬೆಚ್ಚಿದ ಅಥವಾ ಹಕ್ಕಿಯ ಬಳಿ ಏಟು ತಿಂದ ನಾಯಿ, ಮುಂದೆ ಹಕ್ಕಿಯ ವಾಸನೆ ಸಿಕ್ಕರೂ ಸಿಗದಂತೆ ನಟಿಸಿ, ಮುಖ ತಿರುಗಿಸಿ ಬೇರೆ ಕಡೆಗೆ ಓಡಿಬಿಡುತ್ತದೆ. ಪಳಗಿಸುವವರು ಎಲ್ಲಕ್ಕಿಂತ ಹೆಚ್ಚಾಗಿ ಹೆದರುವ ದೋಷವಿದು. ಸೆಟ್ಟರ್‌ಗೆ ಅಂದು ಏಕೆ ಬೈಯಲಿಲ್ಲ ಎಂದು ಕೇಳಿದಾಗ ಅವರು ಹೇಳಿದ್ದೂ ಈ ಒಂದೇ ಶಬ್ದವನ್ನು. ಕನ್ನಡದ ‘ಜಾಣಕುರುಡು’ ಥಟ್ಟನೆ ನೆನಪಾಗುತ್ತದೆ. ಆದರೆ ಇಲ್ಲಿ ಕುರುಡಾಗುವುದು ಮೂಗು, ಮತ್ತು ಅದರ ಹಿಂದಿರುವುದು ಜಾಣತನವಲ್ಲ, ಭಯ. ಹಾಯಲು ಅಂಜಿ ಪಕ್ಕಕ್ಕೆ ಸರಿಯುವ ಹೋರಿಗೋ, ಹೊಡೆತಕ್ಕೆ ಬೆದರಿ ನೊಗ ಕಂಡರೆ ಮುಖ ತಿರುಗಿಸುವ ಎತ್ತಿಗೋ ನಿಮ್ಮ ಊರಿನಲ್ಲಿ ಏನಾದರೂ ಹೆಸರಿದ್ದರೆ, ಅದು ಯಾವ ಸೀಮೆಯದು ಎಂಬುದರ ಸಹಿತ ದಯವಿಟ್ಟು ತಿಳಿಸಿ.