ಧಾರವಾಡದ ಥಂಡಿಗೆ ಗಿನಿ ಪಿಗ್ ಪಂಜರಕ್ಕ ಬಲ್ಬ್ ಹಾಕಬೇಕೋ ಬ್ಯಾಡೋ?

ಸಪ್ತಾಪುರ_ಓಣಿ:
ಈ ವಾರ ಥಂಡಿ ಜೋರ್ ಅದ. ಮನಿ ಒಳಗ ಮುಂಜಾನೆ 6ಕ್ಕ ಗ್ವಾಡಿ ಥರ್ಮಾಮೀಟರ್ 14 ಡಿಗ್ರಿ ತೋರಸ್ತದ, ಮಧ್ಯಾಹ್ನ 27. ಎರಡು ಗಂಡು ಗಿನಿ ಪಿಗ್ ಅವ. ಒಂದಕ್ಕ ವರ್ಷ, ಇನ್ನೊಂದಕ್ಕ ಐದು ದಾಟ್ಯದ. 4 ಫೂಟ್ ಉದ್ದ, 2 ಫೂಟ್ ಅಗಲದ ತಂತಿ ಪಂಜರ, ಪಡಸಾಲಿ ಕಿಟಕಿ ಬಾಜೂಕ ಫರಸಿ ಮ್ಯಾಲೇ ಇಟ್ಟದ. ತಳಕ್ಕ ಸಾಮಿಲ್ಲಿನ ಕಟ್ಟಿಗಿ ಹೊಟ್ಟು. ಮುದುಕ ಮುಂಜಾನೆ ಮೂಲ್ಯಾಗ ಮುದುಡಿಕೊಂಡು ಕೂತಿರ್ತದ, ತಿನ್ನಲಿಕ್ಕೆ ತಡಾ ಮಾಡ್ತದ. 100 ವಾಟ್ ಬಲ್ಬ್ ಹಾಕ್ಲೇನು? ಮನ್ಯಾಗ ಹಿರಿಯರು ಬಚ್ಚಲದ ಹಂಡೆ ಒಲಿ ಹತ್ರ ಇಡ್ರಿ ಅಂತಾರ. ಸಣ್ಣ ಸ್ವೆಟರ್ ಹೊಲಿಸಿದ್ರ ನಡೀತದೇನು?

ಉಣಕಲ್_ಗಾಳಿ:
ಬಲ್ಬ್ ಮಾತು ಆಮ್ಯಾಲ, ಮೊದಲ ಪಂಜರ ನೆಲದಿಂದ ಎತ್ರಿ. ಇವಕ್ಕ 18ರಿಂದ 24 ಡಿಗ್ರಿ ಹದ. 15ರ ಕೆಳಗ ಇಳೀತಂದ್ರ, ಅದರಾಗೂ ವಯಸ್ಸಾದವಕ್ಕ, ತ್ರಾಸ ಶುರು ಆಕ್ಕೈತಿ. ಗ್ವಾಡಿ ಮ್ಯಾಲಿನ 14ನ್ನ ನಂಬಬ್ಯಾಡ್ರಿ. ಶಹಾಬಾದ್ ಫರಸಿ ರಾತ್ರಿ ಪೂರಾ ತಣ್ಣಗಾಗಿರತೈತಿ, ಈ ಪ್ರಾಣಿ ಹೊಟ್ಟಿ ನೆಲಕ್ಕ ಹಚ್ಚಿ ಕುಂಡ್ರತೈತಿ, ಮೈಯಾಗಿನ ಕಾವೆಲ್ಲಾ ಕೆಳಗಿಳೀತೈತಿ. ಥರ್ಮಾಮೀಟರ್ ಪಂಜರದ ಹೊರಬಾಜೂ, ಅವು ಮಲಗೋ ಎತ್ತರಕ್ಕ ಕಟ್ಟಿ ನೋಡ್ರಿ.

ಒಂದೂವರೆ ಫೂಟ್ ಎತ್ತರದ ಬೆಂಚು ಇಲ್ಲಾ ಟೇಬಲ್ ಮ್ಯಾಲ, ಒಳಗೋಡಿಗೆ ಹತ್ತಿ ಇಡ್ರಿ. ಕಿಟಕಿ, ಬಾಗಿಲ ಸಂದಿ, ಫ್ಯಾನ್ ಯಾವದರ ಗಾಳಿನೂ ನೇರ ತಾಗಬಾರದು. ಊದಿನಕಡ್ಡಿ ಹಚ್ಚಿ ಪಂಜರದ ನಾಲ್ಕೂ ಕಡೆ ತಿರುಗಿಸಿ ನೋಡಿದ್ರ ಹೊಗಿ ಎತ್ತಾಗ ವಾಲತೈತೋ ಅದರ ಎದುರಿನ ಕಡಿಂದ ಗಾಳಿ ಬರ್ತೈತಿ ಅಂತ ಗೊತ್ತಾಕ್ಕೈತಿ. ಪರೀಕ್ಷಾ ಮಾಡೋವಾಗ ಅವನ್ನ ಬ್ಯಾರೆ ಖೋಲ್ಯಾಗ ಇಡ್ರಿ, ಹೊಗಿ ಅವಕ್ಕ ಆಗೂದಿಲ್ಲ.

ರಾತ್ರಿ ಮ್ಯಾಲ ಮತ್ತ ಮೂರು ಬಾಜೂ ಹಳೇ ಕೌದಿ ಹೊಚ್ರಿ, ಮುಂದಿನ ಬಾಜೂ ಪೂರಾ ಬಿಡ್ರಿ. ತಂತಿಗಿಂತ ಒಂದಿಂಚು ದೂರ ನಿಲ್ಲೋಹಂಗ ರಟ್ಟು ಅಡ್ಡ ಕೊಟ್ಟು ಹೊಚ್ರಿ, ಇಲ್ಲಾಂದ್ರ ಕೌದಿ ಅಂಚು ಒಳಗ ಎಳಕೊಂಡು ದಾರ ನುಂಗ್ತಾವು. ತಾಡಪತ್ರಿ, ಪ್ಲಾಸ್ಟಿಕ್ ಹಾಳಿ ಬ್ಯಾಡೇ ಬ್ಯಾಡ. ಒಳಗಿನ ಉಸಿರು, ಉಚ್ಚಿ ಆವಿ ಹೊರಗ ಹೋಗದ ಹಾಸಿಗಿ ಒದ್ದಿ ಆಕ್ಕೈತಿ. ಒಣ 14 ಡಿಗ್ರಿ ತಡಕೋತಾವು, ಒದ್ದಿ 17 ತಡಕೊಳ್ಳೂದಿಲ್ಲ. ಮುಂಜಾನೆ ಕೌದಿ ತಗದ ಕೂಡಲೇ ಮೂಗಿಗೆ ಘಾಟು ಹೊಡೀತಂದ್ರ ಮುಚ್ಚಿದ್ದು ಜಾಸ್ತಿ ಆಗೇತಿ ಅಂತ ಲೆಕ್ಕ.

ಕಟ್ಟಿಗಿ ಹೊಟ್ಟು ಇವತ್ತೇ ತಗೀರಿ. ಸಾಮಿಲ್ಲಿನ ಹೊಟ್ಟಿನ್ಯಾಗ ಯಾವ ಕಟ್ಟಿಗಿ ಕೂಡೇತೋ ತಿಳೀದು, ಧೂಳಂತೂ ಖಾತ್ರಿ. ಪೈನ್, ದೇವದಾರಿನ ವಾಸನಿ ಶ್ವಾಸಕ್ಕ ಕೆಟ್ಟದ್ದು. ಅದರ ಬದಲಿ ತಳಕ್ಕ ನ್ಯೂಸ್‌ಪೇಪರ್ 8–10 ಹಾಳಿ, ಅದರ ಮ್ಯಾಲ ಹಳೇ ಟರ್ಕಿ ಟವೆಲ್ ಎರಡು ಪದರ, ಎಲ್ಲಾಕಿಂತ ಮ್ಯಾಲ ಫ್ಲೀಸ್ ಬಟ್ಟಿ. ಹೊಸಾ ಫ್ಲೀಸ್ ನೀರು ಇಳಿಸೂದಿಲ್ಲ, ಉಚ್ಚಿ ಮ್ಯಾಲೇ ನಿಂತು ಹೊಟ್ಟಿ ಒದ್ದಿ ಮಾಡತೈತಿ. ಕಂಫರ್ಟ್ ಅಂಥಾ ಬಟ್ಟಿ ಮೆತ್ತಗ ಮಾಡೋ ದ್ರಾವಣ ಹಾಕದ ಎರಡು-ಮೂರು ಸಲ ಬಿಸಿನೀರಾಗ ಒಗದು, ಒಂದು ಚಮಚ ನೀರು ಸುರುವಿ ಕೆಳಗ ಇಳೀತೈತೋ ಇಲ್ಲೋ ನೋಡಿಯೇ ಹಾಸ್ರಿ. ಗೋಣಿತಟ್ಟು ಬ್ಯಾಡ, ಸೆಣಬಿನ ಎಳಿ ಕಾಲ್ಬೆರಳಿಗೆ ಸುತ್ತಿ ರಕ್ತದ ಓಡಾಟ ನಿಲ್ಲತೈತಿ.

ಇನ್ನ ಒಂದೊಂದಕ್ಕ ಒಂದೊಂದು ರಟ್ಟಿನ ಖೋಕಾ, ಸುಮಾರು 12 ಇಂಚು ಉದ್ದ, 9 ಅಗಲ, 8 ಎತ್ತರ. ದೊಡ್ಡದಾದ್ರ ಮೈಕಾವು ಹಿಡಿಯೂದಿಲ್ಲ. ಗಂಡು-ಗಂಡು ಅಂದ್ರ ಎರಡು ಬಾಗಿಲು ಕೊರೀರಿ, ಒಂದೇ ಬಾಗಿಲಿದ್ರ ಒಳಗಿದ್ದದ್ದು ಸಿಕ್ಕಿಹಾಕಿಕೊಂಡು ಜಗಳ ಆಕ್ಕೈತಿ. ಒಳಗ ಒಣಹುಲ್ಲು ತುಂಬ ತುರುಕ್ರಿ, ಅದೇ ಹಾಸಿಗಿ, ಅದೇ ಊಟ. ರಟ್ಟು ಮೆತ್ತಗಾದ ಕೂಡಲೇ ಬದಲಿಸ್ರಿ.

ಹಂಡೆ ಒಲಿ ಬಾಜೂ ಹೊಗಿ, ಹಬೆ ಎರಡೂ ಇರತೈತಿ, ಒಲಿ ಆರಿದ ಮ್ಯಾಲ ಬಚ್ಚಲ ಇಡೀ ಮನ್ಯಾಗ ತಣ್ಣನ್ನ ಜಾಗಾ. ಸ್ವೆಟರ್ ಹಾಕಿದ್ರ ಕೂದಲು ಅಪ್ಪಚ್ಚಿ ಆಗಿ ಇದ್ದ ಬಿಸೀನೂ ಹೋಗತೈತಿ, ಉಲ್ಲನ್ ದಾರ ಕಡದು ನುಂಗ್ತಾವು.

ಟೆಸ್ಟರ್_ಮಾಮಾ:
ಬಲ್ಬಿನ ಬಗ್ಗೆ. ಎಲ್ಇಡಿ ಬಲ್ಬಿನಿಂದ ಹೇಳಿಕೊಳ್ಳೋವಂಥಾ ಕಾವು ಬರೂದಿಲ್ಲ ಅನ್ನೋದು ಭಾಳ ಮಂದಿ ಮರೀತಾರ. ತಂತಿ ಬಲ್ಬ್ ಹಾಕಿದ್ರ ರಾತ್ರಿಯೆಲ್ಲಾ ಬೆಳಕು, ಬಾಜೂಕ ಕೌದಿ ಮತ್ತ ಒಣಹುಲ್ಲು: ಬೆಂಕಿಗೆ ಬೇಕಾದ್ದೆಲ್ಲಾ ಅಲ್ಲೇ ಇಟ್ಟಂಗ. ಮ್ಯಾಲ ಕರೆಂಟ್ ಹೋತಂದ್ರ 24ರಾಗ ಮಲಗಿದ್ದ ಪ್ರಾಣಿ ತಾಸಿನ್ಯಾಗ 15ಕ್ಕ ಬರ್ತೈತಿ. ಬೆಳಕಿಲ್ಲದ ಸಿರಾಮಿಕ್ ಹೀಟರ್ ಬಲ್ಬ್ ಸಿಗ್ತಾವು, ಅವಕ್ಕ ಪಿಂಗಾಣಿ ಹೋಲ್ಡರ್, ಕಾವು ಹತೋಟ್ಯಾಗ ಇಡೋ ಥರ್ಮೋಸ್ಟಾಟ್ ಎರಡೂ ಕಡ್ಡಾಯ. ಪ್ಲಾಸ್ಟಿಕ್ ಹೋಲ್ಡರ್ ಕರಗತೈತಿ. ನಮ್ಮ ಥಂಡಿಗೆ ಅಷ್ಟೆಲ್ಲಾ ಬ್ಯಾಡ ಅಂತೀನಿ.

ಬಿಸಿನೀರಿನ ಬಾಟ್ಲಿ ಸಾಕು. ಒಂದು ಲೀಟರಿನ ಸ್ಟೀಲ್ ಬಾಟ್ಲಿಗೆ ಕೈ ತಡಿಯುವಷ್ಟು ಬಿಸಿ ನೀರು ಹಾಕ್ರಿ, ಕುದಿಯೋದು ಬ್ಯಾಡ. ಟವೆಲ್ ಎರಡು ಸುತ್ತು ಸುತ್ತಿ, ಪಂಜರದ ಹೊರಗಿನಿಂದ ಖೋಕಾ ಇರೋ ಮೂಲಿಗೆ ಹತ್ತಿಸಿ ಇಡ್ರಿ. ಒಂದೇ ಮೂಲಿಗೆ, ಯಾಕಂದ್ರ ಸೆಕಿ ಆದ್ರ ಸರದು ಹೋಗಾಕ ತಣ್ಣಗಿನ ಕಡೆ ಉಳೀಬೇಕು. ಮೂರು-ನಾಕು ತಾಸು ಬೆಚ್ಚಗಿರತೈತಿ. ರಾತ್ರಿ 10ಕ್ಕ ಇಟ್ಟದ್ದು ಬೆಳಗಿನ 4ರ ಥಂಡಿಗೆ ಉಪಯೋಗ ಇಲ್ಲ, ಮಲಗೋ ಹೊತ್ತಿಗೆ ತಡಾ ಮಾಡಿ ಇಡೂದು ಚೊಲೊ.

ಸಪ್ತಾಪುರ_ಓಣಿ:
ರಬ್ಬರ್ ಚೀಲ ಅದ, ಒಳಗ ಇಟ್ಟರ ಹೆಂಗ್ರಿ? ಇನ್ನೊಂದು, ಮುದುಕನ ಮೂಗಿನ ತುದಿ ಸ್ವಲ್ಪ ಒದ್ದಿ ಕಾಣಸ್ತದ. ಮನ್ಯಾಗ ಮಕ್ಕಳಿಗೆ ಕೊಟ್ಟು ಉಳಿದ ಅಮಾಕ್ಸಿಸಿಲಿನ್ ಸಿರಪ್ ಅದ.

ಟೆಸ್ಟರ್_ಮಾಮಾ:
ರಬ್ಬರ್ ಚೀಲ ಒಳಗ ಬ್ಯಾಡ. ಕಡದು ತೂತು ಮಾಡಿದ್ರ ಮಧ್ಯರಾತ್ರಿ ಹಾಸಿಗಿ ಎಲ್ಲಾ ನೀರು.

ಮೊಲ_ಗಿನಿ_ವಾರ್ಡ್:
ಆ ಸಿರಪ್ ಒಂದು ಹನಿಯೂ ಬೇಡ ಸರ್. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನಿಸಿಲಿನ್ ಬಾಯಿಂದ ಕೊಟ್ಟರೆ ಗಿನಿ ಪಿಗ್ ಕರುಳಿನ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ, ಭೇದಿಯಾಗಿ ಕೆಲವೇ ದಿನಗಳಲ್ಲಿ ಸಾಯಬಹುದು. ದನದ ದವಾಖಾನೆಗೆ ಹೋದಾಗಲೂ ಇದು ಗಿನಿ ಪಿಗ್, ಪೆನಿಸಿಲಿನ್ ಜಾತಿಯದು ಬೇಡ ಎಂದು ನೀವೇ ಮೊದಲು ಹೇಳಿ. ವಿಕ್ಸ್, ನೀಲಗಿರಿ ಎಣ್ಣೆಯ ಹಬೆಯೂ ಬೇಡ.

ನೀರು ಕುಡಿದ ಮೇಲೆ ಮೂಗಿನ ತುದಿ ಒದ್ದೆಯಾಗುವುದುಂಟು. ನೋಡಬೇಕಾದದ್ದು ಮುಂಗಾಲಿನ ಒಳಬದಿ. ಸೋರುವ ಮೂಗನ್ನು ಅವು ಅಲ್ಲೇ ಒರೆಸಿಕೊಳ್ಳುತ್ತವೆ, ಕೂದಲು ಅಂಟಿ ಗಂಟಾಗಿದ್ದರೆ ನೆಗಡಿ ನಿಜ. ಕಣ್ಣಂಚಲ್ಲಿ ಬಿಳಿ ಪಿಸುರು, ಉಸಿರಾಡುವಾಗ ಪಕ್ಕೆ ಜೋರಾಗಿ ಏರಿಳಿಯುವುದು, ಕಿವಿಯ ಹತ್ತಿರ ಹಿಡಿದರೆ ಗುರಗುರ ಸದ್ದು ಇದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ, ನ್ಯುಮೋನಿಯಾ ಬೇಗ ಏರುತ್ತದೆ. ಅರ್ಧ ದಿನ ಏನೂ ತಿನ್ನದಿದ್ದರೂ ಅಷ್ಟೇ ತುರ್ತು, ಕರುಳಿನ ಚಲನೆ ನಿಂತುಬಿಡುತ್ತದೆ. ಆಟೋದಲ್ಲಿ ಒಯ್ಯುವಾಗ ಖೋಕಾಗೆ ಶಾಲು ಸುತ್ತಿ, ಗಾಳಿ ತೂತು ಮುಚ್ಚಬೇಡಿ.

ಐದು ದಾಟಿದ್ದಕ್ಕೆ ಬರೀ ಥಂಡಿ ಎಂದು ಕೂರಬೇಡಿ. ತಿನ್ನಲು ತಡ ಮಾಡುವುದು ದವಡೆ ಹಲ್ಲು ಬೆಳೆದು ಚುಚ್ಚುವುದರಿಂದಲೂ ಇರಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೆರಡು ಸಲ ತೂಗಿ ಬರೆದಿಡಿ, ಒಂದೇ ವಾರದಲ್ಲಿ 50 ಗ್ರಾಂ ಇಳಿದರೆ ತೋರಿಸಿ. ಈ ಹವೆಯಲ್ಲಿ ಸ್ನಾನ ಮಾಡಿಸಬೇಡಿ.

ಕರಿಕಿ_ಕಟ್ಟು (ಗದಗ):
ಹುಲ್ಲಿನ ಮಾತು ಯಾರೂ ಪೂರಾ ಹೇಳಲಿಲ್ಲ. ಒಳಗಿನ ಒಲಿ ಅಂದ್ರ ಅದೇ: ನಾರು ಕರುಳಿನ್ಯಾಗ ಹುಳತು ಕಾವು ಕೊಡತೈತಿ. ಥಂಡ್ಯಾಗ ರಾತ್ರಿ ಹುಲ್ಲು ಖಾಲಿ ಆಗಬಾರದು. ಟಿಮೊಥಿ ಹುಲ್ಲು (ಸಾಕುಪ್ರಾಣಿ ಅಂಗಡ್ಯಾಗ ಸಿಗೋ ಒಣಹುಲ್ಲು) ತುಟ್ಟಿ ಅನ್ನೋರು ಔಷಧ ಹೊಡೀದ ಜಾಗಾದ ಕರಿಕಿ ಕೊಯ್ದು ನೆಳ್ಳಾಗ ತೆಳ್ಳಗ ಹರವಿ ಒಣಗಿಸ್ರಿ, ಹಿಡದು ತಿರುವಿದ್ರ ಪಟ್ ಅಂತ ಮುರೀಬೇಕು. ಅರೆಬರೆ ಒಣಗಿದ್ದು ಚೀಲದಾಗ ಬೂಸು ಹಿಡೀತೈತಿ. ಹಿಂಗಾರಿ ಹೊಲದ ಎಳೇ ಹಸಿ ಜೋಳದ ಮೇವು ಹಾಕಬ್ಯಾಡ್ರಿ, ಅದರಾಗ ಸೈನೈಡ್ ಅಂಶ ಇರತೈತಿ. ಕುದುರೆ ಮಸಾಲೆ ಸೊಪ್ಪಿನ್ಯಾಗ ಸುಣ್ಣ ಜಾಸ್ತಿ, ದೊಡ್ಡವಕ್ಕ ಮೂತ್ರದಾಗ ಹರಳು ಕಟ್ಟತೈತಿ. ಉಷ್ಣ ಆಗಲಿ ಅಂತ ಶೇಂಗಾ, ಬೆಲ್ಲ, ರೊಟ್ಟಿ ಹಾಕೋರದಾರ, ಹೊಟ್ಟಿ ಕೆಡಸ್ತಾವು ಅಷ್ಟ.

ವಿಟಮಿನ್ ಸಿ ನಮ್ಮಂಗ ಇವಕ್ಕೂ ಮೈಯಾಗ ತಯಾರಾಗೂದಿಲ್ಲ. ಕಿಲೋ ತೂಕಕ್ಕ ದಿನಕ್ಕ 10ರಿಂದ 30 ಮಿಲಿಗ್ರಾಂ ಬೇಕು. 30 ಗ್ರಾಂ ಹಸರು ದೊಣ್ಣಮೆಣಸಿನಕಾಯಿ ಒಂದಕ್ಕ ಸಾಕಾಕ್ಕೈತಿ, ಜೊತಿಗೆ ಕೊತ್ತಂಬರಿ. ಧಾರವಾಡದ ಪ್ಯಾರಲಹಣ್ಣಿನ ಸೀಜನ್ ಐತಿ, ವಾರದಾಗ ಎರಡು ಸಲ ತೆಳ್ಳನ್ನ ಹೋಳು ಕೊಡ್ರಿ, ಸಕ್ಕರಿ ಅಂಶ ಐತಿ ಜಾಸ್ತಿ ಬ್ಯಾಡ. ಪಲ್ಯೆ ಫ್ರಿಜ್ಜಿನಿಂದ ತಗದು ಅರ್ಧ ತಾಸು ಹೊರಗಿಟ್ಟು ಹಾಕ್ರಿ. ಕುಡಿಯೋ ನೀರು ಮುಂಜಾನೆ ಚೆಲ್ಲಿ ಉಗುರುಬೆಚ್ಚಗಿನದು ತುಂಬ್ರಿ, ತಣ್ಣೀರಂದ್ರ ಕಡಿಮಿ ಕುಡೀತಾವು. ಬಾಟ್ಲಿ ಕೊಳವಿ ಗುಂಡು ಬೆರಳಿಲೆ ಒತ್ತಿ ಹನಿ ಬರತೈತೋ ನೋಡ್ರಿ.

ಸಪ್ತಾಪುರ_ಓಣಿ:
ಮುಂಗಾಲು ಒಣಗಿ ಅವ, ಉಸಿರು ಸಾಫ್ ಅದ. ಹಲ್ಲು ನಾಳೆ ತೋರಸ್ತೀನಿ. ಪಂಜರ ಎತ್ತಿಟ್ಟೆ. ಕೌದಿ ದಿನಾಪೂರ್ತಿ ಇರ್ಲೇನ್ರಿ?

ಉಣಕಲ್_ಗಾಳಿ:
ಬ್ಯಾಡ್ರಿ. ಸೂರ್ಯ ಏರಿದ ಮ್ಯಾಲ 9ರ ಸುಮಾರಿಗೆ ಕೌದಿ, ಬಾಟ್ಲಿ ಎರಡೂ ತಗೀರಿ. ನಿಮ್ಮಲ್ಲಿ ಮಧ್ಯಾಹ್ನ 27 ಅಂದ್ರಿ, ಮುಚ್ಚಿದ ಪಂಜರದಾಗ 30 ದಾಟತೈತಿ, ಇವು ಥಂಡಿಗಿಂತ ಸೆಕಿಗೆ ಜಲ್ದಿ ಸಾಯ್ತಾವು. ಬಿಸಲಿಗೆ ಬಿಡೋದಿದ್ರ ಮುಂಜಾನೆ ಹದಿನೈದು-ಇಪ್ಪತ್ತು ನಿಮಿಷ, ಅರ್ಧ ಪಂಜರಕ್ಕ ನೆಳ್ಳು ಇರೋಹಂಗ. ಸಂಜಿ 6ಕ್ಕ ಹಾಸಿಗಿ ಮುಟ್ಟಿ ನೋಡಿ, ಒದ್ದಿ ಇದ್ದ ಟವೆಲ್ ಬದಲಿಸಿ, ಆಮ್ಯಾಲ ಕೌದಿ ಹೊಚ್ರಿ.